ತೊಟ್ಟಿ ತುಂಬಿರಬೇಕು, ಚೆಲ್ಲಬಾರದು

ಮೇ ತಿಂಗಳ ನಡುಹಗಲು. ಬಳ್ಳಾರಿ–ಹೊಸಪೇಟೆ ರಸ್ತೆಯ ಲಾರಿಗಳ ಸದ್ದನ್ನು ಹಿಂದೆ ಬಿಟ್ಟು ನೀವು ಕುಡತಿನಿಯ ಹೊಲದ ದಾರಿ ಹಿಡಿದಿದ್ದೀರಿ. ಎರೆಭೂಮಿ ಬಾಯಿಬಿಟ್ಟಿದೆ, ಬಿರುಕಿನೊಳಗೆ ಅಂಗೈ ಇಳಿಸಬಹುದು. ಕಿತ್ತ ಹತ್ತಿಕಟ್ಟಿಗೆ ಬದುವಿನ ಮೇಲೆ ರಾಶಿ ಬಿದ್ದಿದೆ. ದೂರದಲ್ಲಿ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು ಬಿಸಿಲ ಝಳಕ್ಕೆ ಅಲುಗಾಡಿದಂತೆ ಕಾಣುತ್ತವೆ. ತುಂಗಭದ್ರೆಯ ಮೇಲ್ಮಟ್ಟದ ಕಾಲುವೆಯಲ್ಲಿ ನೀರು ಹರಿಯುವುದು ನಿಂತು ಎಷ್ಟೋ ದಿನವಾಯಿತು. ಈ ಸೀಮೆಯಲ್ಲಿ ಬೇಸಿಗೆ 40 ಡಿಗ್ರಿ ದಾಟುವುದು ಯಾರಿಗೂ ಸುದ್ದಿಯಲ್ಲ.

ಬೇವಿನ ಮರದ ಕೆಳಗೆ ಸಿಮೆಂಟಿನ ತೊಟ್ಟಿ. ಎಮ್ಮೆಗಳು ಅದನ್ನು ದೂರದಿಂದಲೇ ಕಂಡು ಹೆಜ್ಜೆ ಚುರುಕು ಮಾಡುತ್ತವೆ. ಮೊದಲು ಬಂದದ್ದು ಮೂತಿ ಇಳಿಸಿ, ಮೂಗಿನ ಹೊಳ್ಳೆಯಷ್ಟನ್ನು ಮೇಲೆ ಬಿಟ್ಟು, ಎಳೆಯತೊಡಗುತ್ತದೆ. ಗಂಟಲಲ್ಲಿ ಗುಟುಕು ಉರುಳುವುದು ನಿಮ್ಮ ಕಣ್ಣಿಗೆ ಕಾಣುತ್ತದೆ. ಎರಡನೆಯದು, ಮೂರನೆಯದು ಸೇರುವಷ್ಟರಲ್ಲಿ ನೀರು ಗೇಣುದ್ದ ಇಳಿದಿದೆ. ಅದರ ಜೊತೆಗೇ ತೊಟ್ಟಿಯ ಮೂಲೆಯಲ್ಲಿ ತೇಲುತ್ತಿದ್ದ ಚೆಂಡು ಕೆಳಗಿಳಿಯುತ್ತದೆ, ಹಿತ್ತಾಳೆಯ ಕಡ್ಡಿ ಓರೆಯಾಗುತ್ತದೆ, ಎಲ್ಲೋ ಒಳಗೆ ಬಿರಡೆ ಸರಿದು ನೀರು ಸುರ್ರೆಂದು ಬರುತ್ತದೆ. ಯಾರೂ ನಲ್ಲಿ ತಿರುಗಿಸಲಿಲ್ಲ. ಇದು ಫ್ಲೋಟ್ ವಾಲ್ವು. ಹಾರ್ಡ್‌ವೇರ್ ಅಂಗಡಿಯಲ್ಲಿ ಬಾಲ್ ಕಾಕ್ ಎಂದು ಕೇಳಿದರೂ ಇದನ್ನೇ ಕೊಡುತ್ತಾರೆ.

ಹಾಲು ಹಿಂಡುವ ಎಮ್ಮೆಗೆ ಇಂಥ ಬಿಸಿಲಲ್ಲಿ ದಿನಕ್ಕೆ 60ರಿಂದ 80 ಲೀಟರ್ ನೀರು ಬೇಕಾಗುತ್ತದೆ. ಆಕಳ ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ. ನೀರು ಕಡಿಮೆಯಾದರೆ ಮೊದಲು ಮೇವು ತಿನ್ನುವುದು ಕುಗ್ಗುತ್ತದೆ, ಆಮೇಲೆ ಹಾಲು. ಬಾಯಾರಿದ ದನ ಕೂಗಿ ಹೇಳುವುದಿಲ್ಲ. ಖಾಲಿ ತೊಟ್ಟಿಯ ತಳ ನೆಕ್ಕಿ ನಿಂತಿರುತ್ತದೆ. ಮನೆಯವರು ಸಂತೆಗೆ ಹೋದಾಗ, ಮದುವೆಗೆ ಹೋದಾಗ, ನಡುರಾತ್ರಿಯಲ್ಲಿ, ಆ ತೊಟ್ಟಿ ಕಾಯುವುದು ಈ ಚೆಂಡೊಂದೇ.

ಈ ನೆಲಕ್ಕೆ ದನ ಹೊಸತಲ್ಲ. ಕುಡತಿನಿಯ ಹತ್ತಿರದ ಬೂದಿದಿಬ್ಬ ನವಶಿಲಾಯುಗದ್ದು. ಯಾವುದೋ ರಕ್ಕಸನ ಚಿತೆಯ ಬೂದಿ ಎಂದೆಲ್ಲ ಜನ ಹೇಳಿಕೊಂಡು ಬಂದ ಇಂಥ ದಿಬ್ಬಗಳನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಪರೀಕ್ಷಿಸಿ, ಇದು ಸುಟ್ಟ ಸಗಣಿಯ ರಾಶಿ ಎಂದರು. 1963ರಲ್ಲಿ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ ದಕ್ಷಿಣ ಭಾರತದ ನವಶಿಲಾಯುಗದ ದನಗಾಹಿಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಬಳ್ಳಾರಿ ಬಳಿಯ ಸಂಗನಕಲ್ಲು–ಕುಪ್ಪಗಲ್ಲು ಗುಡ್ಡದ ಬಂಡೆಗಳ ಮೇಲೆ ಉದ್ದ ಕೊಂಬಿನ ಗೂಳಿಗಳ ಚಿತ್ರಗಳು ಇಂದಿಗೂ ಇವೆ. ನಾಲ್ಕು ಸಾವಿರ ವರ್ಷಗಳ ಹಿಂದೆ ಇಲ್ಲಿ ದನ ಕಟ್ಟಿದವರಿಗೂ ಬೇಸಿಗೆಯಲ್ಲಿ ಇದೇ ಚಿಂತೆ ಇದ್ದಿರಲೇಬೇಕು: ನೀರೆಲ್ಲಿ? ಅವರ ದನ ಹಳ್ಳ ಹುಡುಕಿಕೊಂಡು ಹೋಗುತ್ತಿತ್ತು. ಇಂದು ಉಕ್ಕಿನ ಕಾರ್ಖಾನೆಗಳಿಗೆಂದು ಸಾವಿರಾರು ಎಕರೆ ಸ್ವಾಧೀನವಾದ ಮೇಲೆ ಮೇಯುವ ಜಾಗ ಕಿರಿದಾಗಿದೆ. ದನ ಕಟ್ಟಿದಲ್ಲೇ ನಿಂತಿರುತ್ತದೆ, ನೀರೇ ಅದರ ಬಳಿಗೆ ಬರಬೇಕು.

ಪಕ್ಕದ ಹೊಲದ ತೊಟ್ಟಿಗೆ ಬನ್ನಿ. ಇಲ್ಲಿ ಕಾಲಿಡುವ ಮೊದಲೇ ಕೆಸರು. ಚೆಂಡು ಮೇಲೆದ್ದಿದ್ದರೂ ನೀರು ನಿಂತಿಲ್ಲ. ಪೆನ್ಸಿಲ್ ದಪ್ಪಕ್ಕಿಂತ ತೆಳ್ಳಗಿನ ಧಾರೆ ಅಂಚಿನಿಂದ ಇಳಿಯುತ್ತಿದೆ. ನಿಮಿಷಕ್ಕೆ ಒಂದು ಲೀಟರ್ ಎಂದರೂ ದಿನಕ್ಕೆ 1,440 ಲೀಟರ್. ಇಪ್ಪತ್ತು ಎಮ್ಮೆಗಳು ದಿನವಿಡೀ ಕುಡಿಯುವಷ್ಟು. ಆ ರೊಚ್ಚಿನಲ್ಲಿ ನಿಂತ ದನದ ಗೊರಸು ಕೊಳೆಯುತ್ತದೆ, ಸೊಳ್ಳೆ ಹುಟ್ಟುತ್ತದೆ, ಯಕೃತ್ತಿಗೆ ಹುಳು ಬೀಳಿಸುವ ರೋಗಕ್ಕೆ ಆಸರೆಯಾದ ಬಸವನಹುಳು ಸೇರಿಕೊಳ್ಳುತ್ತದೆ.

ಹೊಲದ ಹಿರಿಯರು ಸ್ಪ್ಯಾನರ್ ಹಿಡಿದು ಬರುತ್ತಾರೆ. “ಚೆಂಡು ಬದಲಿ ಮಾಡಿದೆ, ಆದ್ರೂ ಸೋರೋದು ನಿಲ್ಲವಲ್ದು ನೋಡ್ರಿ.”

ಗೇಟ್ ವಾಲ್ವು ಮುಚ್ಚಿ, ಅವರ ಪಕ್ಕ ಕುಳಿತು ಬಿಚ್ಚಿ ನೋಡಿ. ಸೀಳುಪಿನ್ನು ಇಕ್ಕಳದಿಂದ ನೆಟ್ಟಗೆ ಮಾಡಿ ಎಳೆದರೆ ಕಡ್ಡಿ ಕೈಗೆ ಬರುತ್ತದೆ. ಹಿಂದೆಯೇ ಬೆರಳಿನ ಗಾತ್ರದ ಪಿಸ್ಟನ್ನು ಜಾರುತ್ತದೆ. ಅದರ ತುದಿಯ ಕಪ್ಪು ರಬ್ಬರ್ ವಾಷರ್ ನೋಡಿ: ನಡುವೆ ದುಂಡನೆಯ ಗಾಯ, ಗಾಯದ ಸುತ್ತ ರಬ್ಬರು ಹಳೇ ಚಪ್ಪಲಿಯ ಅಟ್ಟೆಯಂತೆ ಗಟ್ಟಿ. ಈಗ ಅದು ಕೂರುವ ಹಿತ್ತಾಳೆ ಬಾಯಿಯ ಮೇಲೆ ಉಗುರು ಆಡಿಸಿ. ಗರಗರ ಎನ್ನುತ್ತದೆ. ಬೋರ್‌ವೆಲ್‌ನ ಗಡಸು ನೀರು ಬಿಟ್ಟುಹೋದ ಸುಣ್ಣದ ಪದರವದು. ಚೆಂಡು ಎಷ್ಟು ಒತ್ತಿದರೂ ಆ ಗರಸಿನ ಸಂದಿನಿಂದ ನೀರು ನುಸುಳುತ್ತಲೇ ಇರುತ್ತದೆ. ಬದಲಿಸಬೇಕಿದ್ದದ್ದು ಚೆಂಡನ್ನಲ್ಲ, ಕೆಲವೇ ರೂಪಾಯಿಯ ವಾಷರನ್ನು.

ಹುಣಸೆ ಹಿಂಡಿದ ಗಟ್ಟಿ ನೀರಲ್ಲಿ ಹಿತ್ತಾಳೆಯ ಭಾಗಗಳನ್ನು ಒಂದೆರಡು ತಾಸು ನೆನೆಹಾಕುತ್ತಾರೆ. ಹುಳಿ ಸುಣ್ಣವನ್ನು ಕರಗಿಸುತ್ತದೆ. ಚಾಕು ಹಾಕಿ ಕೆರೆಯುವುದು ಬೇಡ, ಗೀರು ಬಿದ್ದ ಬಾಯಿ ಮುಂದೆ ಸರಿಯಾಗಿ ಕೂರುವುದಿಲ್ಲ. ಹೊಸ ವಾಷರ್ ಸಿಗುವವರೆಗೆ ಹಳೆಯದನ್ನೇ ಮಗುಚಿ ಹಾಕಿದರೂ ಕೆಲವು ದಿನ ನಡೆಯುತ್ತದೆ. ಚೆಂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ: ಒಳಗೆ ನೀರಿನ ಸದ್ದು ಬಂದರೆ ಅದು ತೂತಾಗಿದೆ, ತೇಲುವ ಬದಲು ಮುಳುಗಿ ವಾಲ್ವನ್ನು ತೆರೆದೇ ಇಡುತ್ತದೆ. ನೀರು ಅಂಚಿಗಿಂತ ನಾಲ್ಕು ಬೆರಳು ಕೆಳಗೆ ನಿಲ್ಲಬೇಕು. ಹೆಚ್ಚು ತುಂಬಿದರೆ ಹಿತ್ತಾಳೆ ಕಡ್ಡಿಯನ್ನು ಚೂರು ಕೆಳಕ್ಕೆ ಬಗ್ಗಿಸಿದರಾಯಿತು. ನೀರು ಬೀಳುವ ಬಾಯಿ ಮಾತ್ರ ಎಂದೂ ಮುಳುಗಬಾರದು. ಮುಳುಗಿದರೆ ದನದ ಎಂಜಲು ನೀರನ್ನು ಪೈಪು ಹಿಂದಕ್ಕೆ ಸೆಳೆದುಕೊಳ್ಳುವ ಅಪಾಯವಿದೆ.

ವಾಲ್ವು ಕೊಳ್ಳಲು ಅಂಗಡಿಗೆ ಹೋಗುವ ಮೊದಲು ನೀವು ತಿಳಿದುಕೊಳ್ಳಬೇಕಾದ್ದು ನೀರಿನ ಒತ್ತಡ. ತೊಟ್ಟಿಗಿಂತ ಟ್ಯಾಂಕು ಎಷ್ಟು ಎತ್ತರದಲ್ಲಿದೆ? ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್ ಎಂದು ಲೆಕ್ಕ. ಹೊಲದ ಟ್ಯಾಂಕು ಮೂರು ಮೀಟರ್ ಕಟ್ಟೆಯ ಮೇಲಿದ್ದರೆ ಬರುವ ಒತ್ತಡ 0.3 ಬಾರ್ ಮಾತ್ರ. ವಾಲ್ವಿನೊಳಗಿನ ಕಂಡಿಯ ಅಡ್ಡಳತೆ ಇಮ್ಮಡಿಯಾದರೆ ಅದನ್ನು ಮುಚ್ಚಲು ಬೇಕಾದ ಬಲ ನಾಲ್ಕು ಪಟ್ಟು. ಹರಿಯುವ ನೀರೂ ಸುಮಾರು ನಾಲ್ಕು ಪಟ್ಟು. ಮೂರು ಮೀಟರ್ ಎತ್ತರದಿಂದ 6 ಮಿ.ಮೀ. ಕಂಡಿಯಲ್ಲಿ ನಿಮಿಷಕ್ಕೆ ಏಳೆಂಟು ಲೀಟರ್ ಬಂದರೆ ಹೆಚ್ಚು. ಅದೇ ಹೊತ್ತಿನಲ್ಲಿ ಒಂದು ಎಮ್ಮೆ ಹತ್ತಕ್ಕಿಂತ ಹೆಚ್ಚು ಲೀಟರ್ ಎಳೆಯಬಲ್ಲದು. ಆದ್ದರಿಂದ ಟ್ಯಾಂಕಿನಿಂದ ಇಳಿದು ಬರುವ ನೀರಿಗೆ ದೊಡ್ಡ ಕಂಡಿಯ ಕಡಿಮೆ ಒತ್ತಡದ ವಾಲ್ವು, ಇಲ್ಲವೇ ಇಡೀ ಹಿಂಡು ಒಮ್ಮೆ ಕುಡಿದರೂ ಬತ್ತದಷ್ಟು ದೊಡ್ಡ ತೊಟ್ಟಿ ಇರಬೇಕು.

ಪಂಪಿನ ಪೈಪನ್ನು ನೇರವಾಗಿ ವಾಲ್ವಿಗೆ ಕೊಡುವ ಆಸೆ ಬೇಡವೇ ಬೇಡ. ಪಂಪು ನಡೆಯುವಾಗ ಒತ್ತಡ ಹಲವು ಬಾರ್ ಏರುತ್ತದೆ. ಚೆಂಡು ತಡೆಯಲಾರದೆ ನೀರು ಚೆಲ್ಲುತ್ತದೆ, ತಡೆದರೆ ಪೈಪಿನ ಜೋಡಣೆ ಬಿಡುತ್ತದೆ. ಮೇಲಾಗಿ ಹೊಲಕ್ಕೆ ಮೂರು ಫೇಸ್ ಕರೆಂಟು ಬರುವುದು ದಿನದ ಕೆಲವೇ ತಾಸು, ಅದೂ ಎಷ್ಟೋ ಸಲ ರಾತ್ರಿ. ಕರೆಂಟು ಬಂದಾಗ ಟ್ಯಾಂಕು ತುಂಬಲಿ, ದನಕ್ಕೆ ಬೇಕಾದಾಗ ಟ್ಯಾಂಕಿನಿಂದ ತೊಟ್ಟಿಗೆ ಇಳಿಯಲಿ.

ಹಿತ್ತಾಳೆಯೋ ಪ್ಲಾಸ್ಟಿಕ್ಕೋ? ಗಡಸು ನೀರು ಎರಡನ್ನೂ ಬಿಡುವುದಿಲ್ಲ. ಹಿತ್ತಾಳೆಯದಕ್ಕೆ ಬಾಳಿಕೆ ಹೆಚ್ಚು, ಬಿಚ್ಚಿ ರಿಪೇರಿ ಮಾಡಬಹುದು. ಮೇಲೆ ಐಎಸ್‌ಐ ಗುರುತು ಮತ್ತು ಐಎಸ್ 1703 ಎಂಬ ಸಂಖ್ಯೆ ನೋಡಿ ಕೊಳ್ಳಿ. ಪ್ಲಾಸ್ಟಿಕ್ ಅಗ್ಗ, ಆದರೆ ಬಳ್ಳಾರಿ ಬಿಸಿಲಿಗೆ ಪೆಡಸಾಗಿ ಒಂದು ಕೊಂಬಿನ ತಿವಿತಕ್ಕೆ ಮುರಿಯುತ್ತದೆ. ಯಾವುದೇ ಆಗಲಿ, ದನದ ನಾಲಿಗೆಗೆ ಸಿಗಬಾರದು. ತೊಟ್ಟಿಯ ಒಂದು ತುದಿಯಲ್ಲಿ ಅಡ್ಡಗೋಡೆ ಕಟ್ಟಿ, ಅದರ ಬುಡದಲ್ಲಿ ಕಿಂಡಿ ಬಿಟ್ಟು, ಚೆಂಡನ್ನು ಆ ಚಿಕ್ಕ ಕೋಣೆಯೊಳಗಿಟ್ಟು ಮೇಲೆ ಕಡಪ ಕಲ್ಲು ಮುಚ್ಚಿ. ನೀರು ಎರಡೂ ಕಡೆ ಒಂದೇ ಮಟ್ಟಕ್ಕೆ ಏರಿಳಿಯುತ್ತದೆ, ಚೆಂಡು ಬಿಸಿಲಿಗೂ ಕೊಂಬಿಗೂ ಸಿಗದೆ ಉಳಿಯುತ್ತದೆ. ವಾಲ್ವಿಗಿಂತ ಮುಂಚೆ ಒಂದು ಜಾಲರಿ, ಒಂದು ಗೇಟ್ ವಾಲ್ವು, ತೊಟ್ಟಿಯ ತಳದಲ್ಲಿ ನೀರು ಖಾಲಿ ಮಾಡುವ ಬಿರಡೆ ಇರಲಿ. ಕಪ್ಪು ಪೈಪನ್ನು ಒಂದೂವರೆ ಅಡಿ ಆಳಕ್ಕೆ ಹೂಳಿ. ಮೇಲೆ ಬಿದ್ದಿದ್ದರೆ ಮಧ್ಯಾಹ್ನ ಬರುವ ನೀರಿಗೆ ಕೈಯನ್ನೇ ಒಡ್ಡಲಾಗದು, ಎಮ್ಮೆ ಮೂತಿ ಇಡುವುದು ದೂರದ ಮಾತು.

ಸಂಜೆಯ ಹೊತ್ತಿಗೆ ಹಿರಿಯರು ವಾಲ್ವು ಜೋಡಿಸಿ ನೀರು ಬಿಡುತ್ತಾರೆ. ಚೆಂಡು ಏರುತ್ತದೆ, ಧಾರೆ ತೆಳುವಾಗುತ್ತದೆ, ಹನಿಯಾಗುತ್ತದೆ, ನಿಲ್ಲುತ್ತದೆ. ಅವರು ಬಾಯಿಯ ಕೆಳಗೆ ಬೆರಳು ಹಿಡಿದು ನೋಡುತ್ತಾರೆ. ಒಣಗಿದೆ.

ಇನ್ನು ಉಳಿದದ್ದು ರೂಢಿ. ದಿನವೂ ಚೆಂಡನ್ನು ಒಮ್ಮೆ ಕೈಯಿಂದ ಅದುಮಿ ಬಿಡುವುದು. ವಾರಕ್ಕೊಮ್ಮೆ ಪಾಚಿ, ಧೂಳಿನ ಕೆಸರು ತಿಕ್ಕಿ ತೆಗೆಯುವುದು. ಹದಿನೈದು ದಿನಕ್ಕೊಮ್ಮೆ ಖಾಲಿ ಮಾಡಿ, ವಾಲ್ವಿಗೆ ಬಟ್ಟೆ ಸುತ್ತಿ, ಒಳಗೆ ಸುಣ್ಣ ಬಳಿದು ಒಣಗಿಸುವುದು. ಯುಗಾದಿಗೊಮ್ಮೆ, ದಸರೆಗೊಮ್ಮೆ ವಾಷರ್ ಬದಲಿಸುವುದು. ಉದ್ಯೋಗ ಖಾತರಿಯಲ್ಲಿ ಊರೂರಿಗೆ ದನದ ತೊಟ್ಟಿ ಕಟ್ಟಿಸಿದ ಪಂಚಾಯಿತಿಗಳಿಗೂ ಇದೇ ಮಾತು ಸಲ್ಲುತ್ತದೆ. ಕಟ್ಟಿದ ವರ್ಷ ಗೋಡೆಯ ಮೇಲೆ ಕಾಮಗಾರಿಯ ಮೊತ್ತ ಬರೆಸುತ್ತೇವೆ. ಅದರ ಕೆಳಗೆ ವಾಲ್ವು ನೋಡಿಕೊಳ್ಳುವವರ ಹೆಸರನ್ನೂ, ವಾಷರ್ ಬದಲಿಸಿದ ತಾರೀಖನ್ನೂ ಬರೆಸೋಣ. ಹೊಸ ತೊಟ್ಟಿಗೆ ದುಡ್ಡು ಕೇಳುವುದು ಅದಾದ ಮೇಲೆ.