ಮಾರಾಟಕ್ಕಿದೆ ಸ್ವರ್ಗರಥ

ಪುಣೆಯ ಖಡೀ ಮಶೀನ್ ಚೌಕದಿಂದ ಕಾತ್ರಜ್ ಕಡೆ ಹೋಗುವ ರಸ್ತೆಯಲ್ಲಿ ಗಾಡಿಗಳು ನಿಂತುಬಿಟ್ಟವೆಂದರೆ ಎಡಬಲ ನೋಡುತ್ತ ಕೂಡುವುದೊಂದೇ ಕೆಲಸ. ಹಾಗೆ ಕೂತಿದ್ದಾಗಲೇ ಗುಜರಿ ಗೋದಾಮುಗಳ ನಡುವಿನ ಒಂದು ಗ್ಯಾರೇಜಿನ ಅಂಗಳದಲ್ಲಿ ಆ ಮೆಟಾಡೋರ್ ಕಣ್ಣಿಗೆ ಬಿತ್ತು. ಬಣ್ಣ ಬಿಳಿ ಇದ್ದದ್ದು ಕೆನೆಯಾಗಿತ್ತು. ಹಣೆಯ ಮೇಲೆ ದೇವನಾಗರಿಯಲ್ಲಿ ‘ಸ್ವರ್ಗರಥ’ ಎಂದು ಬರೆದಿತ್ತು. ಅದರ ಕೆಳಗಿನ ಟ್ರಸ್ಟಿನ ಹೆಸರಿನ ಮೇಲೆ ಯಾರೋ ಅವಸರದಲ್ಲಿ ಬಣ್ಣ ಬಳಿದಿದ್ದರು. ಕೊಂಢವಾದಲ್ಲಿ ಮನೆ ಮಾಡಿದ ಮೇಲೆ ಈ ರಸ್ತೆಯಲ್ಲಿ ಬೋಟು, ಜೆಸಿಬಿ, ಮದುವೆ ಮಂಟಪದ ಸಿಂಹಾಸನ ಎಲ್ಲ ಮಾರಾಟಕ್ಕೆ ನಿಂತದ್ದನ್ನು ನೋಡಿದ್ದೇನೆ. ಹೆಣದ ಗಾಡಿ ಮಾತ್ರ ಹೊಸದು.

ನನಗೆ ಹಳೇ ಗಾಡಿಗಳ ಹುಚ್ಚು. ಮನೆಯಲ್ಲಿ ಒಂದು ಲ್ಯಾಂಬ್ರೆಟ್ಟಾ ಇದೆ, ಒಂದು ಪದ್ಮಿನಿ ಇದೆ. ಎರಡೂ ನಡೆಯುವುದಕ್ಕಿಂತ ಹೆಚ್ಚು ನಿಲ್ಲುತ್ತವೆ. ಗ್ಯಾರೇಜಿನ ಚಾಚಾನಿಗೆ ನನ್ನಂಥವರ ಮುಖಚಹರೆ ಗೊತ್ತು. ಬೆಲೆ ಕೇಳುವ ಮೊದಲೇ ಹಿಂದಿನ ಬಾಗಿಲು ತೆಗೆದು ತೋರಿಸಿದರು. ನಡುವೆ ಉರುಳೆಗಳ ಮೇಲೆ ಜಾರುವ ಉಕ್ಕಿನ ತಟ್ಟೆ, ಎರಡೂ ಬದಿಗೆ ಉದ್ದ ಬೆಂಚು, ಮೇಲೆ ಹಿಡಿದುಕೊಳ್ಳಲು ಒಂದು ಸರಳು. “ಬಹತ್ತರ್ ಕಾ ಮಾಡಲ್ ಹೈ ಸಾಬ್,” ಎಂದರು. ಬೆಲೆ ದೀಡ ಲಕ್ಷ. 1972ರ ಗಾಡಿ ಎಂದರೆ ಐವತ್ತು ವರ್ಷ ದಾಟಿದ್ದು, ಅಂದರೆ ಕಾಯಿದೆಯ ಲೆಕ್ಕದಲ್ಲಿ ‘ವಿಂಟೇಜ್’ ಆಗುವ ಯೋಗ್ಯತೆ ಇದ್ದದ್ದು. ನನ್ನ ತಲೆಯೊಳಗೆ ಆಗಲೇ ಪಾಲಿಶ್ ಕೆಲಸ ಶುರುವಾಯಿತು.

ಬೇರೆ ಯಾವ ಹೆಣದ ಗಾಡಿಯಾಗಿದ್ದರೂ ಮುಂದೆ ಹೋಗುತ್ತಿದ್ದೆನೇನೋ. ಇದು ಮೆಟಾಡೋರ್, ಪುಣೆಯ ಮಗ. ಎನ್. ಕೆ. ಫಿರೋದಿಯಾ ಅವರ ಬಜಾಜ್ ಟೆಂಪೊ ಕಂಪನಿ 1958ರಲ್ಲಿ ಜರ್ಮನಿಯ ಟೆಂಪೊ ಕಂಪನಿಯ ಜೊತೆ ಕೈಜೋಡಿಸಿ ಮೂರು ಚಕ್ರದ ಹಾನ್ಸಿಯಾಟ್ ತಯಾರಿಸಿತು. 1964ರಲ್ಲಿ ಆಕುರ್ಡಿಯ ಕಾರ್ಖಾನೆ ಶುರುವಾಯಿತು. 1969ರಲ್ಲಿ ಮೆಟಾಡೋರ್ ಬಂತು. 2005ರಲ್ಲಿ ಕಂಪನಿ ಫೋರ್ಸ್ ಮೋಟರ್ಸ್ ಎಂದು ಹೆಸರು ಬದಲಿಸಿಕೊಂಡಿತು. ಆಕುರ್ಡಿ, ಪಿಂಪ್ರಿ, ಭೋಸರಿಯ ಸಣ್ಣಪುಟ್ಟ ಶೆಡ್ಡುಗಳಲ್ಲಿ ಬಿಡಿಭಾಗಗಳ ಲೆಕ್ಕ ಬರೆಯುತ್ತಲೇ ನನ್ನ ನೌಕರಿ ಮುಗಿಯಿತು. ಆದ್ದರಿಂದ ಆ ಗಾಡಿಯ ಬಗ್ಗೆ ನನಗೆ ನೆಂಟಸ್ತಿಕೆಯ ಭಾವ.

ಮೆಟಾಡೋರಿನ ಎಂಜಿನ್ ಮುಂದಿನ ಚಕ್ರಗಳನ್ನೇ ತಿರುಗಿಸುತ್ತದೆ. ಹಿಂದಕ್ಕೆ ಹೋಗುವ ಉದ್ದನೆಯ ಶಾಫ್ಟ್ ಇಲ್ಲ. ಹೀಗಾಗಿ ಹಿಂದಿನ ನೆಲ ತಗ್ಗಾಗಿ, ಸಪಾಟಾಗಿ ಇರುತ್ತದೆ. ಆಂಬುಲೆನ್ಸ್ ಮಾಡುವವರಿಗೂ ಹೆಣದ ಗಾಡಿ ಮಾಡುವವರಿಗೂ ಇದು ಹಿಡಿಸಲು ಕಾರಣ ಇಷ್ಟೆ: ಎತ್ತುವವರ ಸೊಂಟ ಉಳಿಯುತ್ತದೆ. ನಾನು ಕಾಲೇಜಿಗೆ ಹೋಗುವಾಗ ಗದಗಿನ ಕಡೆ ಬಸ್ಸು ತಪ್ಪಿದವರನ್ನು ತುಂಬಿಕೊಂಡು ಓಡುತ್ತಿದ್ದದ್ದೂ ಇದೇ ಗಾಡಿ. ಒಳಗೆ ಎಷ್ಟು ಮಂದಿ ಎಂದು ಚಾಲಕನೂ ಎಣಿಸುತ್ತಿರಲಿಲ್ಲ. ಬಾಗಿಲಲ್ಲಿ ಜೋತುಬಿದ್ದ ಹುಡುಗ ತಗಡಿನ ಮೈಯನ್ನು ಎರಡು ಸಲ ಬಡಿದರೆ ಹೊರಡುವುದು, ಒಂದು ಸಲ ಬಡಿದರೆ ನಿಲ್ಲುವುದು. ಜೀವಂತ ಮಂದಿ ಅದರಲ್ಲಿ ಪಟ್ಟ ಪಾಡನ್ನು ನೆನೆದರೆ, ಈ ಸ್ವರ್ಗರಥದ ಪ್ರಯಾಣಿಕರು ಕಾಲು ಚಾಚಿಕೊಂಡು ಹೋಗಿದ್ದಾರೆ.

ಮನೆಗೆ ಬಂದು ರಾತ್ರಿಯೆಲ್ಲ ಓದಿದೆ. ಪಶ್ಚಿಮದಲ್ಲಿ ಹೆಣದ ಗಾಡಿ ಸಂಗ್ರಹಿಸುವವರ ಒಂದು ಪಂಗಡವೇ ಇದೆ. ಅವರ ವಾದ ಸರಳ: ಈ ಗಾಡಿ ಎಂದೂ ಜೋರಾಗಿ ಓಡಿರುವುದಿಲ್ಲ, ದೂರ ಹೋಗಿರುವುದಿಲ್ಲ, ರಾತ್ರಿ ಬಯಲಲ್ಲಿ ನಿಂತಿರುವುದಿಲ್ಲ, ದಿನಾ ಒರೆಸಿಕೊಂಡಿರುತ್ತದೆ. ಇದ್ದುದರಲ್ಲಿ ಸುಖವಾಗಿ ಬಾಳಿದ ಹಳೇ ಕಾರು ಬೇಕೆಂದರೆ ಇದನ್ನೇ ಕೊಳ್ಳಿ ಎನ್ನುತ್ತಾರೆ. ಅಮೆರಿಕದಲ್ಲಿ ಮೋಟಾರು ಶವವಾಹನ ಮಾರಾಟಕ್ಕೆ ಬಂದದ್ದು 1909ರಲ್ಲಿ. ಸಿನ್ಸಿನಾಟಿಯ ಕ್ರೇನ್ ಅಂಡ್ ಬ್ರೀಡ್ ಕಂಪನಿಯವರು ಅದರ ನೆತ್ತಿಯ ಮೇಲೆ ರೋಮನ್ ಗೋರಿಯೊಂದರ ಪ್ರತಿಕೃತಿಯನ್ನೇ ಕೂರಿಸಿದ್ದರು. ಮುಂದೆ ಹಲವು ದಶಕ ಅಲ್ಲಿನ ಎಷ್ಟೋ ಊರುಗಳಲ್ಲಿ ಆಂಬುಲೆನ್ಸೂ ಶವವಾಹನವೂ ಒಂದೇ ಗಾಡಿ, ಮಾಲೀಕನೂ ಒಬ್ಬನೇ. ರೋಗಿ ಯಾವ ಕಡೆ ಹೊರಳಿದರೂ ಅವನಿಗೆ ನಷ್ಟವಿಲ್ಲ. ‘ಗೋಸ್ಟ್‌ಬಸ್ಟರ್ಸ್’ ಸಿನಿಮಾದ ಗಾಡಿ ಕೂಡ ಆ ಮನೆತನದ್ದೇ, ಮಿಲ್ಲರ್-ಮೀಟಿಯರ್ ಕಂಪನಿ ಮೈಕಟ್ಟಿದ 1959ರ ಕ್ಯಾಡಿಲ್ಯಾಕ್.

ಇವರಲ್ಲಿ ನನಗೆ ತುಂಬ ಹಿಡಿಸಿದವನು ಕೆನಡಾದ ಹಾಡುಗಾರ ನೀಲ್ ಯಂಗ್. ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ 1948ರ ಬ್ಯೂಕ್ ಹೆಣದ ಗಾಡಿಯೊಂದನ್ನು ಕೊಂಡು, ಅದಕ್ಕೆ ‘ಮಾರ್ಟ್’ ಎಂದು ಹೆಸರಿಟ್ಟು, ಬ್ಯಾಂಡಿನ ಸಾಮಾನೆಲ್ಲ ಅದರಲ್ಲೇ ಹೇರಿಕೊಂಡು ತಿರುಗಿದ. ಪೆಟ್ಟಿಗೆ ಜಾರಿಸುವ ಉರುಳೆಗಳ ಮೇಲೆ ಆಂಪ್ಲಿಫೈಯರು ಸಲೀಸಾಗಿ ಜಾರುತ್ತಿತ್ತು. ಆ ಗಾಡಿ ಒಂಟಾರಿಯೋದ ಬ್ಲೈಂಡ್ ರಿವರ್ ಎಂಬ ಊರಲ್ಲಿ ಕೈಕೊಟ್ಟಿತು. ಆಮೇಲೆ ಕೊಂಡದ್ದೂ ಹೆಣದ ಗಾಡಿಯೇ, 1953ರ ಪಾಂಟಿಯಾಕ್. 1966ರಲ್ಲಿ ಲಾಸ್ ಏಂಜಲೀಸಿನ ಟ್ರಾಫಿಕ್ಕಿನಲ್ಲಿ ಒಂಟಾರಿಯೋ ನಂಬರಿನ ಈ ವಿಚಿತ್ರ ವಾಹನವನ್ನು ಕಂಡ ಹಳೇ ಪರಿಚಯದ ಸ್ಟೀಫನ್ ಸ್ಟಿಲ್ಸ್ ಬೆನ್ನಟ್ಟಿ ಹಿಡಿದ. ‘ಬಫಲೋ ಸ್ಪ್ರಿಂಗ್‌ಫೀಲ್ಡ್’ ಎಂಬ ಬ್ಯಾಂಡು ಹುಟ್ಟಿದ್ದು ಹಾಗೆ. ಮಾಮೂಲಿ ಕಾರಾಗಿದ್ದರೆ ಯಾರು ತಿರುಗಿ ನೋಡುತ್ತಿದ್ದರು? ಟ್ರಾಫಿಕ್ಕಿಗೆ ಕೊಂಢವಾದಲ್ಲೂ ಬರವಿಲ್ಲ, ಆದರೆ ನನ್ನನ್ನು ಬೆನ್ನಟ್ಟುವವರು ಸಾಲ ಕೊಟ್ಟವರಷ್ಟೇ ಎಂದು ಸಮಾಧಾನ ಮಾಡಿಕೊಂಡೆ.

ಪಶ್ಚಿಮದ ಆ ಸಂಗ್ರಹಕಾರರ ಮಾತನ್ನೆಲ್ಲ ನಮ್ಮ ಸ್ವರ್ಗರಥಕ್ಕೆ ಹಚ್ಚಿ ನೋಡಿದರೆ ಒಂದೂ ಕೂಡುವುದಿಲ್ಲ. ಇದು ಬಯಲಲ್ಲೇ ನಿಂತಿದೆ, ದೂರ ಓಡಿದೆ. ಆಸ್ಪತ್ರೆಯಿಂದ ಸಾತಾರಾ, ಸೊಲ್ಲಾಪುರ, ಒಮ್ಮೊಮ್ಮೆ ಗುಲ್ಬರ್ಗದ ತನಕ ಹೋಗಿ ಬಂದಿದೆಯೆಂದು ಚಾಚಾ ಹೆಮ್ಮೆಯಿಂದ ಹೇಳಿದರು. ಪುಣೆಗೆ ಗಾರೆ ಕೆಲಸಕ್ಕೆ ಬಂದ ನಮ್ಮ ಕಡೆಯ ಮಂದಿ ಎಷ್ಟಿಲ್ಲ. ಅವರು ಊರಿಗೆ ಮರಳುವ ದಾರಿಗಳಲ್ಲಿ ಇದೂ ಒಂದು. ಶಹರದೊಳಗಿನ ಕೆಲಸಕ್ಕೆ ಸಿಟಿ ಬಸ್ಸು ನಡೆಸುವ ಪಿಎಂಪಿಎಂಎಲ್‌ನವರೇ ‘ಪುಷ್ಪಕ’ ಎಂಬ ಹೆಸರಿನ ಶವವಾಹನ ಓಡಿಸಿದ್ದಾರೆ. ನವಿ ಪೇಠೆಯ ವೈಕುಂಠ ಸ್ಮಶಾನದ ಹಾದಿ ಅದಕ್ಕೆ ಬಾಯಿಪಾಠ.

ಅವ್ವನಿಗೆ ಫೋನಿನಲ್ಲಿ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಆಕೆ ಕೇಳಿದ್ದೇ ಬೇರೆ.

“ಅದರಾಗ ಕುಂಡ್ರಾಕ ಬರತೈತೇನಪಾ?”

“ಬದಿಗೆ ಬೆಂಚ್ ಅದಾವ ಬೇ.”

“ಮಂದೀದಲ್ಲೋ, ನಂದು.”

ನಾವು ಲಿಂಗಾಯತರು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ವಿಭೂತಿ ಹಚ್ಚಿ, ಹೂ ಕಟ್ಟಿದ ವಿಮಾನದಲ್ಲಿ ಕೂರಿಸಿ, ಭಜನೆ ಹೇಳುತ್ತ ಊರೆಲ್ಲ ಮೆರವಣಿಗೆ ಮಾಡಿ, ಕುಣಿಯಲ್ಲೂ ಕೂತ ಹಾಗೆಯೇ ಇಡುತ್ತಾರೆ. ಉಳಿದ ಮನೆಗಳಲ್ಲಿ ಬಿದಿರಿನ ಸಿದಿಗೆ, ನಾಲ್ಕು ಹೆಗಲು. “ಮಲಗಿಸಿ ಬಾಗಲಾ ಹಾಕ್ಕೊಂಡು ಒಯ್ಯೂ ಗಾಡಿ ನಮಗ್ಯಾಕ? ಮಾರಿ ಕಾಣಬೇಕಲ್ಲ ಮಂದಿಗೆ,” ಎಂದು ಅವ್ವ ಫೋನ್ ಇಟ್ಟಳು. ಅಪ್ಪ ತೀರಿಕೊಂಡಾಗ ವಿಮಾನ ಇಟ್ಟದ್ದು ಪಕ್ಕದ ಮನೆಯವರ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ. ಬಾಳೆಕಂಬ, ಮೈಕು, ಹಲಗೆ ಎಲ್ಲ ಅದರಲ್ಲೇ. ಮರುದಿನ ಅದನ್ನು ತೊಳೆದು ನಿಲ್ಲಿಸಿದರು. ಆ ವಾರವೇ ಅದು ಉಳ್ಳಾಗಡ್ಡಿ ಹೇರಿಕೊಂಡು ಹುಬ್ಬಳ್ಳಿಯ ಎಪಿಎಂಸಿಗೆ ಹೋಯಿತು. ಯಾರಿಗೂ ಏನೂ ಅನ್ನಿಸಲಿಲ್ಲ. ಸಾವಿಗೆಂದೇ ಬೇರೆ ಗಾಡಿ ಕಟ್ಟಿ ಊರ ಹೊರಗೆ ನಿಲ್ಲಿಸುವ ಯೋಚನೆ ನಮ್ಮ ಹಳ್ಳಿಗಳಲ್ಲಿ ಇರಲೇ ಇಲ್ಲ.

ಅವ್ವನ ಮಾತಿಗೆ ದೊಡ್ಡ ಸಾಕ್ಷಿಯೊಂದಿದೆ. 1948ರ ಜನವರಿ 31ರಂದು ದಿಲ್ಲಿಯಲ್ಲಿ ಗಾಂಧೀಜಿಯ ದೇಹವನ್ನು ಒಯ್ದದ್ದು ಸೈನ್ಯದ ಆಯುಧ ಸಾಗಿಸುವ ಗಾಡಿಯಲ್ಲಿ. ಜನರಿಗೆ ಮುಖ ಕಾಣಲೆಂದು ರಾತ್ರೋರಾತ್ರಿ ಅದನ್ನು ಬಿಚ್ಚಿ ಎತ್ತರದ ಹಲಗೆ ಕೂಡಿಸಿದರು. ಎಂಜಿನ್ ಇದ್ದರೂ ಚಾಲೂ ಮಾಡಲಿಲ್ಲ. ನಾಲ್ಕು ಹಗ್ಗ, ಒಂದೊಂದಕ್ಕೆ ಐವತ್ತು ಜನ, ಎಳೆದುಕೊಂಡೇ ಹೋದರು. ಫೆಬ್ರವರಿ 12ರಂದು ಅಸ್ಥಿಯನ್ನು ಸಂಗಮಕ್ಕೆ ಒಯ್ದ ಫೋರ್ಡ್ ವಿ8 ಲಾರಿ ಈಗ ಅಲಹಾಬಾದಿನ ವಸ್ತುಸಂಗ್ರಹಾಲಯದಲ್ಲಿದೆ. ಕಾಪಾಡಿ ಇಡಬೇಕಾದ ಶವವಾಹನ ಎಂದರೆ ಅಂಥದ್ದು. ಅದು ಯಾರನ್ನು ಒಯ್ದಿತು ಎಂಬುದು ದೇಶಕ್ಕೇ ಗೊತ್ತು. ನನ್ನ ಮೆಟಾಡೋರ್ ಒಯ್ದವರು ಯಾರೆಂದು ಅವರ ಮನೆಯವರಿಗಷ್ಟೇ ಗೊತ್ತು, ಅವರಿಗೆ ಗಾಡಿಯ ನಂಬರೂ ನೆನಪಿರಲಿಕ್ಕಿಲ್ಲ.

ಇಷ್ಟಾದರೂ ಆಸೆ ಹೋಗಲಿಲ್ಲ. ಕಾಯಿದೆ ತೆಗೆದು ಕೂತೆ. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ವಿಂಟೇಜ್ ವಾಹನಗಳ ನಿಯಮದ ಪ್ರಕಾರ ಗಾಡಿಗೆ ಐವತ್ತು ವರ್ಷ ದಾಟಿರಬೇಕು, ಮೂಲ ರೂಪ ಕೆಟ್ಟಿರಬಾರದು. ಹೊಸ ನೋಂದಣಿಗೆ ಇಪ್ಪತ್ತು ಸಾವಿರ, ಹತ್ತು ವರ್ಷದ ಮಾನ್ಯತೆ, ನಂಬರಿನಲ್ಲಿ ‘ವಿಎ’ ಎಂಬ ಎರಡಕ್ಷರ. ಅದು ಸಿಕ್ಕ ಮೇಲೆ ಗಾಡಿಯನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲು ಹಾಕಿಸುವುದು, ರಿಪೇರಿ, ಇಷ್ಟಕ್ಕೆ ಮಾತ್ರ. ಚಾಚಾನ ಗಾಡಿಗೆ ನಡುವೆ ಎಂದೋ ಮರ್ಸಿಡಿಸ್‌ನ ಓಎಂ616 ಡೀಸೆಲ್ ಎಂಜಿನ್ ಕೂರಿಸಿದ್ದರು. ಓಡಲಿಕ್ಕೆ ಒಳ್ಳೆಯದೇ, ಆದರೆ ‘ಮೂಲ ರೂಪ’ ಎಂಬ ಮಾತಿಗೆ ಅಲ್ಲಿಗೇ ಎಳ್ಳುನೀರು. ಹಳೇ ಎಂಜಿನ್ ಹುಡುಕಿ ಹಾಕಿಸಿದರಾಯಿತು ಎಂದು ಆಗಲೂ ಲೆಕ್ಕ ಹಾಕುತ್ತಿದ್ದೆ. ಹುಚ್ಚು ಅಂದೆನಲ್ಲ.

ಅದೇ ಹುಡುಕಾಟದಲ್ಲಿ 1988ರ ಮೋಟಾರು ವಾಹನ ಕಾಯಿದೆಯ 66ನೇ ಕಲಮು ಸಿಕ್ಕಿತು. ಯಾವ ಯಾವ ಸಾರಿಗೆ ವಾಹನಕ್ಕೆ ಪರ್ಮಿಟ್ ಬೇಡ ಎಂಬ ಪಟ್ಟಿ ಅದರಲ್ಲಿದೆ. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಆದ ಮೇಲೆ ಬರುವುದು ಶವಗಳನ್ನೂ ಶವದ ಜೊತೆ ಹೋಗುವ ದುಃಖಿತರನ್ನೂ ಒಯ್ಯಲಿಕ್ಕಷ್ಟೇ ಬಳಸುವ ವಾಹನ. ಆರ್‌ಟಿಒ ಕಾಯಿದೆಯಲ್ಲಿ ಅಳುವವರ ಪ್ರಸ್ತಾಪ ಬರುತ್ತದೆಂದು ನಾನು ಎಣಿಸಿರಲಿಲ್ಲ. ಆ ಬದಿಯ ಬೆಂಚುಗಳಿಗೆ ಕಾನೂನೇ ಜಾಗ ಕೊಟ್ಟಿದೆ. ಗಾಡಿಯನ್ನು ನೋಡುವಾಗ ನಾನು ನಡುವಿನ ತಟ್ಟೆಯನ್ನೇ ನೋಡಿದ್ದೆ. ಸವೆದು ಹೊಳೆಯುತ್ತಿದ್ದದ್ದು ಬೆಂಚಿನ ಅಂಚು.

ಸೊಸೈಟಿಯವರ ಆಕ್ಷೇಪವನ್ನು ವಿವರಿಸಿ ಬರೆಯುವುದು ಬೇಡ. ಪಾರ್ಕಿಂಗಿನಲ್ಲಿ ಹೆಣದ ಗಾಡಿ ನಿಂತರೆ ಫ್ಲ್ಯಾಟಿನ ರೇಟು ಬೀಳುತ್ತದೆ ಎಂದರು. ವಾಸ್ತು, ಮಕ್ಕಳ ಹೆದರಿಕೆ, ಗಣಪತಿ ಹಬ್ಬ ಎಲ್ಲ ಆಮೇಲೆ ಬಂದವು. ಇದಕ್ಕೆಲ್ಲ ಉತ್ತರ ಕೊಡಬಹುದಿತ್ತು. ಉತ್ತರ ಕೊಡಲಾಗದ ಪ್ರಶ್ನೆ ಕೇಳಿದವಳು ಹೆಂಡತಿ, ಅದೂ ಮೆಂತ್ಯ ಬಿಡಿಸುತ್ತ.

“ಅಲ್ರೀ, ರಾತ್ರಿ ಎರಡಕ್ಕ ಯಾರರೆ ಬಂದು ಬಾಗಲಾ ಬಡದ್ರ ಏನಂತೀರಿ?”

“ಯಾರ ಬರತಾರ?”

“ಎ ವಿಂಗಿನ ಅಜ್ಜಾರ ಹೋದ್ರ ಅವರ ಮಗಾ ಬರತಾನ. ವಾಚ್‌ಮನ್ ಬರತಾನ. ಗಾಡಿ ನಿಮ್ಮದ ಐತಿ ಅಂತ ಎಲ್ಲಾರಿಗೂ ಗೊತ್ತಿರತೈತಿ. ಆವಾಗ ಇದು ಬರೇ ತೋರ್ಸಾಕ ಇಟ್ಟೀನಿ, ರ್‍ಯಾಲಿಗೆ ಅಷ್ಟ ಒಯ್ಯೂದು ಅಂತೀರೇನ್ರಿ?”

ಲ್ಯಾಂಬ್ರೆಟ್ಟಾ ಕೊಳ್ಳುವಾಗ ಈ ತಾಪತ್ರಯ ಇರಲಿಲ್ಲ. ಅದರ ಕಾಲ ಮುಗಿದಿದೆ. ಆಫೀಸಿಗೆ ಹೋಗಲು ಅದನ್ನು ಯಾರೂ ಕೇಳಿ ಬರುವುದಿಲ್ಲ, ಅದಕ್ಕೇ ನಾನು ಅದನ್ನು ಒರೆಸಿ ಇಟ್ಟುಕೊಳ್ಳಬಹುದು. ಹೆಣದ ಗಾಡಿಗೆ ನೂರು ವರ್ಷವಾದರೂ ಅದರ ಕೆಲಸಕ್ಕೆ ವಯಸ್ಸಾಗುವುದಿಲ್ಲ. ವಿಎ ನಂಬರಿನ ಗಾಡಿಯನ್ನು ಆ ರಾತ್ರಿ ಹೊರಗೆ ತೆಗೆದರೆ ನಿಯಮ ಮುರಿದಂತೆ, ತೆಗೆಯದಿದ್ದರೆ ಮರುದಿನ ಲಿಫ್ಟಿನಲ್ಲಿ ಆ ಮಗನ ಎದುರು ನಿಲ್ಲುವುದು ಹೇಗೆ? ಹಾಗಾದರೆ ಸರಿಯಾಗಿಯೇ ನಡೆಸೋಣ, ಎಫ್‌ಸಿ ಮಾಡಿಸಿ ಸೇವೆಗೆ ಬಿಡೋಣ ಎಂದೂ ಒಂದು ಗಳಿಗೆ ಅನ್ನಿಸಿತು. ಚಾಚಾನನ್ನು ಕೇಳಿದರೆ ಅವರು ನಕ್ಕರು. “ಸೇವೆ ಮಾಡೋದಿದ್ದರೆ ಮಾರುತಿ ಈಕೋ ತಗೊಳ್ಳಿ ಸಾಬ್. ಎಸಿ ಇರುತ್ತೆ, ದಾರಿಯಲ್ಲಿ ನಿಲ್ಲೋದಿಲ್ಲ. ಇದು ಬೋಪದೇವ ಘಾಟಿನಲ್ಲಿ ನಿಂತರೆ ಹೆಣದ ಜೊತೆ ಬಂದವರು ಇಳಿದು ತಳ್ಳಬೇಕಾಗುತ್ತೆ.” ಮಾರುವವನೇ ಹೀಗೆಂದ ಮೇಲೆ ನಾನು ಹೇಳುವುದೇನು ಉಳಿಯಿತು?

ಬೇಡ ಎಂದು ಹೇಳಿದಾಗ ಅವರಿಗೆ ಬೇಸರವೇನೂ ಆದಂತೆ ಕಾಣಲಿಲ್ಲ. ಘಾಟಿನ ಬುಡದಲ್ಲಿ ಚಹಾದಂಗಡಿ ಹಾಕುವ ಹುಡುಗನೊಬ್ಬ ಬರೇ ಮೈ ಸಾಕು, ಎಂಜಿನ್ ಬೇಡ ಎಂದು ಕೇಳಿದ್ದಾನಂತೆ. ಬೆಂಚು ಹೇಗೂ ಇವೆ, ಗಿರಾಕಿ ಕೂಡಲು ಬೇರೆ ಮಾಡಿಸಬೇಕಿಲ್ಲ. ಹಣೆಯ ಮೇಲಿನ ಹೆಸರನ್ನು ಮಾತ್ರ ಅವನು ಅಳಿಸುತ್ತಾನೆ. “ನಡುವಿನ ತಟ್ಟೆ, ಉರುಳೆ ಅವನಿಗೆ ಬೇಡ, ನಿಮಗೆ ಬೇಕಾದರೆ ಎರಡು ಸಾವಿರಕ್ಕೆ ಕೊಡುತ್ತೇನೆ,” ಎಂದರು ಚಾಚಾ. ಉರುಳೆಗಳು ಒಳ್ಳೆಯ ಮಾಲು, ಆ ಕಾಲದ ಬೇರಿಂಗು. ಪದ್ಮಿನಿಯ ಕೆಳಗೆ ನುಸುಳಿ ಮಲಗಿ ರಿಪೇರಿ ಮಾಡಲು ಅಂಥದ್ದೊಂದು ಹಲಗೆ ಬಹಳ ದಿನದಿಂದ ಬೇಕಾಗಿತ್ತು. ಸಾವಿರಕ್ಕೆ ಕೇಳಿದ್ದೇನೆ. ಚಾಚಾ ಇನ್ನೂ ಹದಿನೈದುನೂರಕ್ಕೆ ನಿಂತಿದ್ದಾರೆ.