ಎಷ್ಟು ಅಡಿ ಹೋಗುತ್ತೆ?

ಹೊಸೂರಿನ ಪಕ್ಕದ ಬಾಗಲೂರಿನಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟಾರ್ ಸುಟ್ಟಾಗ ಮಾತ್ರ ಊರಿಗೆ ನನ್ನ ನೆನಪು. ಗುಲಾಬಿ ಬೆಳೆಯುವವರು, ಕೋಸಿನವರು, ಟೊಮೆಟೊದವರು ಬರುತ್ತಾರೆ; ಕನ್ನಡದಲ್ಲಿ ಮಾತು ಶುರು ಮಾಡಿ, ತೆಲುಗಿನಲ್ಲಿ ಚೌಕಾಸಿ ನಡೆಸಿ, ಬಿಲ್ ನೋಡಿ ತಮಿಳಿನಲ್ಲಿ ನಿಟ್ಟುಸಿರು ಬಿಡುತ್ತಾರೆ. ತಾಮ್ರದ ತಂತಿ ಸುತ್ತಿಯೇ ತಲೆ ನೆರೆದವನ ಕೈಗೆ ಮೆಟಲ್ ಡಿಟೆಕ್ಟರ್ ಬಂದರೆ ಅವನು ಮೊದಲು ನೋಡುವುದು ಮೇಲಿನ ಮೀಟರನ್ನಲ್ಲ, ಕೆಳಗಿನ ತಟ್ಟೆಯನ್ನು. ಅದರೊಳಗೆ ಇರುವುದೂ ಕಾಯಿಲೇ.

ಯಂತ್ರ ಅಕ್ಕನ ಮಗನದು. ಹೊರದೇಶದ ಸಮುದ್ರದ ದಂಡೆಯಲ್ಲಿ ಆಡಿ ಬೇಸರವಾದ ಮೇಲೆ, "ಮಾವಾ, ನಿಮಗೆ ಉಪಯೋಗಕ್ಕೆ ಬರುತ್ತೆ" ಎಂದು ನನ್ನ ತಲೆಗೆ ಕಟ್ಟಿದ. ಅಮೆರಿಕದ ಗ್ಯಾರೆಟ್ ಕಂಪನಿಯ ಏಸ್ 250. ಅದು ಮನೆಗೆ ಬಂದ ಸುದ್ದಿ ಹರಡಿದ್ದೇ ತಡ, ಬಂದವರೆಲ್ಲರದೂ ಒಂದೇ ಪ್ರಶ್ನೆ: "ಅಣ್ಣಾ, ಎಷ್ಟು ಅಡಿ ಹೋಗುತ್ತೆ ಇದು?"

ಕೇಳುವವರ ತಲೆಯೊಳಗೆ ಏನಿದೆ ಎಂದು ಗೊತ್ತು. ಇದು ಪಾಳೆಯಗಾರರು ಆಳಿದ ಊರು. ಅವರು ಹೂತಿಟ್ಟ ಕೊಪ್ಪರಿಗೆಯ ಕಥೆ ಕೇಳದೆ ಬೆಳೆದ ಮಕ್ಕಳು ನಮ್ಮ ಕಡೆ ಇಲ್ಲ. ಆ ಕಥೆಯ ಬೆನ್ನು ಹತ್ತಿದವರು ಹೊಲದಂಚಿನ ವೀರಗಲ್ಲಿನ ಬುಡವನ್ನೂ ಅಗೆಯುತ್ತಾರೆ. ಒಳಗೇನೂ ಸಿಕ್ಕುವುದಿಲ್ಲ, ಕಲ್ಲು ಮಾತ್ರ ಉರುಳುತ್ತದೆ. ಸಿಕ್ಕರೂ ಅದು ತಾನಾಗಿ ಅಗೆದವನದಾಗುವುದಿಲ್ಲ. 1878ರ ನಿಧಿ ಕಾಯಿದೆ ಇನ್ನೂ ಜಾರಿಯಲ್ಲಿದೆ: ನೆಲದೊಳಗೆ ಸಿಕ್ಕ ನಿಧಿಯ ಬೆಲೆ ಹತ್ತು ರೂಪಾಯಿ ಮೀರಿದರೆ ಕಲೆಕ್ಟರಿಗೆ ಬರೆದು ತಿಳಿಸಬೇಕು. ಆ ಹತ್ತು ರೂಪಾಯಿಗೆ ಈಗ ಒಂದು ಲೋಟ ಟೀ ಬರುತ್ತದೋ ಇಲ್ಲವೋ!

ನಮ್ಮಲ್ಲಿ ನಿಜವಾಗಿ ಕಳೆಯುವ ಸಾಮಾನೇ ಬೇರೆ. ಕಳೆ ಕೀಳುವ ಹೆಂಗಸರ ಓಲೆ, ಮೂಗುಬೊಟ್ಟು, ಕಾಲುಂಗುರ. ಟ್ರ್ಯಾಕ್ಟರಿನ ಪಿನ್ನು. ಮಣ್ಣು ಮುಚ್ಚಿದ ಗೇಟ್ ವಾಲ್ವ್. ಇದೆಲ್ಲ ಒಂದು ಗೇಣಿನೊಳಗೇ ಇರುತ್ತದೆ. ಗೇಣಿನೊಳಗೆ ಅದರ ಜೊತೆಗೆ ಮೊಳೆ, ಹಸಿರುಮನೆಯ ಕಂಬಿ ಚೂರು, ಮಾತ್ರೆ ಪಟ್ಟಿಯ ಅಲ್ಯೂಮಿನಿಯಂ ಹಾಳೆ ಕೂಡ ಇರುತ್ತದೆ ಎನ್ನುವುದೇ ತಾಪತ್ರಯ. ಸಣ್ಣ ಚಿನ್ನಕ್ಕೂ ಆ ಹಾಳೆಗೂ ಯಂತ್ರ ಹೆಚ್ಚುಕಮ್ಮಿ ಒಂದೇ ಸದ್ದು ಮಾಡುತ್ತದೆ. ಹಾಳೆ ಬೇಡವೆಂದು ಆ ಸದ್ದನ್ನೇ ಅಡಗಿಸಿಟ್ಟವನಿಗೆ ಓಲೆಯೂ ಸಿಕ್ಕುವುದಿಲ್ಲ.

ತಟ್ಟೆಯೊಳಗಿನ ಮರ್ಮ ಹಳೆಯದು. ಎರಡು ಸುರುಳಿ, ಒಂದು ಕಾಂತಕ್ಷೇತ್ರ ಕಳಿಸುತ್ತದೆ, ಇನ್ನೊಂದು ಕಿವಿಗೊಡುತ್ತದೆ. ಲೋಹವಿಲ್ಲದಾಗ ಎರಡನೆಯದಕ್ಕೆ ಏನೂ ಕೇಳಿಸದಂತೆ ಅವನ್ನು ಜೋಡಿಸಿರುತ್ತಾರೆ. ಲೋಹ ಬಂತೆಂದರೆ ಅದರಲ್ಲಿ ಸುಳಿ ಪ್ರವಾಹ ಎದ್ದು, ಆ ಸಮತೋಲ ಕೆಡುತ್ತದೆ, ಯಂತ್ರ ಕೂಗುತ್ತದೆ. ಟೆಲಿಫೋನಿನ ಗ್ರಹಾಂ ಬೆಲ್ 1881ರಲ್ಲಿ ಇದೇ ಉಪಾಯ ಹಿಡಿದು, ಗುಂಡೇಟು ತಿಂದು ಮಲಗಿದ್ದ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡರ ಮೈಯಲ್ಲಿ ಗುಂಡು ಹುಡುಕಲು ಹೋದ. ಹಾಸಿಗೆಯಲ್ಲಿ ಉಕ್ಕಿನ ಸ್ಪ್ರಿಂಗ್ ಇತ್ತು. ವೈದ್ಯರು ಮೈಯ ಬಲಗಡೆ ಮಾತ್ರ ನೋಡಲು ಬಿಟ್ಟರು. ಗುಂಡು ಸಿಗಲಿಲ್ಲ, ಅಧ್ಯಕ್ಷರು ಉಳಿಯಲಿಲ್ಲ. ಅಂದಿನಿಂದ ಇಂದಿನವರೆಗೆ ಈ ಯಂತ್ರದ ಕಷ್ಟ ಅದೇ: ಬೇಕಾದ ಲೋಹದ ಪಕ್ಕದಲ್ಲಿ ಬೇಡದ ಲೋಹ. ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ಯೋಜೆಫ್ ಕೊಸಾಟ್ಸ್ಕಿ ನೆಲಬಾಂಬು ಹುಡುಕುವ ಯಂತ್ರ ಮಾಡಿ, ಪೇಟೆಂಟ್ ಕೇಳದೆ ಬ್ರಿಟಿಷ್ ಸೈನ್ಯಕ್ಕೆ ಕೊಟ್ಟ. 1942ರಲ್ಲಿ ಎಲ್ ಅಲಮೇನಿನ ಮರಳಿನಲ್ಲಿ ಅಂಥ 500 ಯಂತ್ರ ದಾರಿ ತೆರೆದವು.

ಈಗ ನನ್ನ ತಟ್ಟೆಯ ವಿಚಾರ. ಏಸ್ 250ರ ಜೊತೆ ಬರುವುದು ಆರೂವರೆ–ಒಂಬತ್ತು ಇಂಚಿನ ಕಾನ್ಸೆಂಟ್ರಿಕ್, ಅಂದರೆ ಒಂದು ಬಳೆಯೊಳಗೆ ಇನ್ನೊಂದು ಬಳೆ. ಅದರ ನೋಟ ಬುಗುರಿಯ ಹಾಗೆ, ಮೇಲೆ ಅಗಲ, ಕೆಳಗೆ ಚೂಪು. ಇನ್ನೊಂದು ಬಗೆಯಾದ ಡಿಡಿ ಕಾಯಿಲಿನಲ್ಲಿ ಡಿ ಅಕ್ಷರದ ಎರಡು ಸುರುಳಿ ಬೆನ್ನಿಗೆ ಬೆನ್ನು ಹತ್ತಿಕೊಂಡಿರುತ್ತವೆ. ಅದು ಮುಂದಿನಿಂದ ಹಿಂದಿನವರೆಗೆ ಒಂದು ಸಣ್ಣ ಪಟ್ಟಿಯಷ್ಟೇ ನೆಲ ಓದುತ್ತದೆ. ನಮ್ಮದು ಕೆಂಪು ಮಣ್ಣು. ಆ ಕೆಂಪೇ ಕಬ್ಬಿಣ. ಈ ಸೀಮೆಗೆ ಕಬ್ಬಿಣದ ನಂಟೂ ಹಳೆಯದೇ: ನಮ್ಮ ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈಯಲ್ಲಿ ಅಗೆದಾಗ ಸಿಕ್ಕ ಕುರುಹುಗಳಿಂದ ಕ್ರಿ.ಪೂ. 2172ರಷ್ಟು ಹಿಂದೆಯೇ ಇಲ್ಲಿ ಕಬ್ಬಿಣ ಬಳಸುತ್ತಿದ್ದರೆಂದು 2022ರಲ್ಲಿ ತಮಿಳುನಾಡು ಸರ್ಕಾರ ಪ್ರಕಟಿಸಿತು. ಇಂಥ ನೆಲದಲ್ಲಿ ಬುಗುರಿ ನೋಟದ ಕಾಯಿಲ್ ಮಣ್ಣಿಗೇ ಕೂಗುತ್ತದೆ. ಏಸ್ 250ರಲ್ಲಿ ಮಣ್ಣಿಗೆ ಹೊಂದಿಸಿಕೊಳ್ಳುವ ಗುಬ್ಬಿಯೂ ಇಲ್ಲ, ಕಾರ್ಖಾನೆಯಲ್ಲಿ ಇಟ್ಟದ್ದೇ ಅಂತಿಮ. ಹಾಗಾಗಿ ಡಿಡಿಯೇ ಸರಿ ಎಂದು ತೀರ್ಮಾನಿಸಿದೆ.

"ನೀವೇ ಸುತ್ತಿಕೊಳ್ಳಿ ಮಾವಾ, ಮೋಟಾರ್ ಸುತ್ತೋರು ನೀವು" ಎಂದ ಅಕ್ಕನ ಮಗ. ಸುತ್ತುವುದು ದೊಡ್ಡದಲ್ಲ. ಒಂದು ಸುತ್ತು ಹೆಚ್ಚುಕಮ್ಮಿಯಾದರೂ ಮೋಟಾರ್ ತಿರುಗುತ್ತದೆ. ಇಲ್ಲಿ ಎರಡು ಸುರುಳಿಗಳ ಜೋಡಣೆ ಕೂದಲೆಳೆ ಜರುಗಿದರೂ ಸಮತೋಲ ಹೋಯಿತು. ಯಂತ್ರ ಓಡುವ 6.5 ಕಿಲೋಹರ್ಟ್ಸ್‌ಗೂ ಅದು ಕೂಡಬೇಕು. ಬಿಸಿಲಿಗೆ ಅಲುಗದಂತೆ ಎಪಾಕ್ಸಿಯಲ್ಲಿ ಹೂತಿಡಬೇಕು. ಮೋಟಾರಿನ ವಾರ್ನಿಷ್ ಇಲ್ಲಿ ನಡೆಯುವುದಿಲ್ಲ. ಆದ್ದರಿಂದ ಏಸ್‌ಗೆಂದೇ ಹೊರಗಿನವರು ಮಾಡುವ ಕಾಯಿಲುಗಳನ್ನು ನೋಡಿದೆ. ಬಲ್ಗೇರಿಯಾದ ಡಿಟೆಕ್ ಇದೆ, ಉಕ್ರೇನಿನ ನೆಲ್ ಇದೆ. ನೆಲ್‌ನವರ ದೊಡ್ಡದು 15–17 ಇಂಚು. ಊರವರ ಆಸೆಗೆ ಅದೇ ತಕ್ಕದ್ದು. ಕಾಯಿಲ್ ಎಷ್ಟು ಅಗಲವೋ ನಾಣ್ಯ ಸುಮಾರು ಅಷ್ಟು ಆಳದವರೆಗೆ ಕಾಣುತ್ತದೆ ಎಂಬುದು ಬಾಯಿಲೆಕ್ಕ. ಆದರೆ ಅಗಲ ಹೆಚ್ಚಿದಷ್ಟೂ ಸಣ್ಣ ಸಾಮಾನು ಕಣ್ತಪ್ಪುತ್ತದೆ, ಮೊಳೆಯೂ ಮೂಗುಬೊಟ್ಟೂ ಒಂದೇ ಗದ್ದಲದಲ್ಲಿ ಸೇರಿಹೋಗುತ್ತವೆ, ಕೋಲಿನ ತುದಿಯ ಭಾರಕ್ಕೆ ಭುಜ ಸೋಲುತ್ತದೆ. ಗ್ಯಾರೆಟ್‌ನದೇ ನಾಲ್ಕೂವರೆ ಇಂಚಿನ ದುಂಡು ಕಾಯಿಲ್ ಕಸದಲ್ಲಿ ಚುರುಕು. ಅದರಲ್ಲಿ ಒಂದೆಕರೆ ನೋಡಿ ಮುಗಿಸುವಷ್ಟರಲ್ಲಿ ಕೋಸು ಕೊಯ್ಲಿಗೆ ಬಂದಿರುತ್ತದೆ. ಕೊನೆಗೆ ಒಂಬತ್ತೂವರೆ–ಐದೂವರೆ ಇಂಚಿನ ನೆಲ್ ಶಾರ್ಪ್‌ಶೂಟರ್ ತರಿಸಿದೆ. ಉದ್ದವಿರುವುದರಿಂದ ಸಾಲು ಬೇಗ ಮುಗಿಯುತ್ತದೆ, ಅಗಲ ಕಡಿಮೆಯಾದ್ದರಿಂದ ಕೋಸಿನ ಗಿಡಗಳ ನಡುವೆ ತೂರುತ್ತದೆ. ತಂತಿಯನ್ನು ಕೋಲಿಗೆ ಬಿಗಿಯಾಗಿ ಸುತ್ತಿ ಕಟ್ಟಬೇಕು. ಸಡಿಲ ಬಿಟ್ಟರೆ ಅದರ ಓಲಾಟಕ್ಕೇ ಯಂತ್ರ ಸುಳ್ಳು ಕೂಗುತ್ತದೆ.

ಈಗಲೂ ಎಷ್ಟು ಅಡಿ ಎಂದೇ ಕೇಳುತ್ತಾರೆ. ಒಂದು ಗೇಣು ಎಂದರೆ ಮುಖ ಸಪ್ಪೆ ಮಾಡಿಕೊಂಡು ಹೋಗುತ್ತಾರೆ. ಅವರ ಮನೆಯ ಹೆಂಗಸರು ಮಾತ್ರ ಇನ್ನೊಂದು ದಿನ ಅಂಗಡಿಗೆ ಬಂದು, ಓಲೆ ಬಿದ್ದ ಸಾಲು ಯಾವುದೆಂದು ಮೆಲ್ಲಗೆ ಹೇಳುತ್ತಾರೆ. ಅವರಿಗೆ, ನಿಮಗೂ, ನನ್ನದೊಂದೇ ಕೋರಿಕೆ: ಸಾಮಾನು ಕಳೆದ ದಿನವೇ ಹೇಳಿ ಕಳಿಸಿ. ರೋಟವೇಟರ್ ಹೊಡೆಸಿದ ಮೇಲೆ ಬಂದರೆ ಯಾವ ಕಾಯಿಲೂ ನಡೆಯುವುದಿಲ್ಲ.