ಯಂತ್ರದ ಅನುವೃತ್ತಿ

ನಮ್ಮ ಮಾತೃಶ್ರೀಯವರ ಮೊದಲನೆಯ ಆಬ್ದಿಕದೊಳಗಾಗಿ, ಅವರು ಹಾಡಿದ್ದ ಹಸೆಯ ಹಾಡುಗಳ ವೀಡಿಯೋಗಳನ್ನು ಒಪ್ಪವಾಗಿ ಜೋಡಿಸಬೇಕೆಂದು ಸಂಕಲ್ಪಿಸಿದೆವು. ಫೋನಿನಲ್ಲಿ ಹಿಡಿದಿದ್ದ ಅವನ್ನು ವೃತ್ತಿನಿರತರು ಬಳಸುವ ಸಂಕಲನ ತಂತ್ರಾಂಶದಲ್ಲಿ ತೆರೆದರೆ, ಚಿತ್ರವು ಹೆಜ್ಜೆಹೆಜ್ಜೆಗೂ ನಿಲ್ಲುತ್ತಿದ್ದಿತು; ತಾಯಿಯ ಸ್ವರವೂ ತುಂಡುತುಂಡಾಗುತ್ತಿದ್ದಿತು. ಯಂತ್ರವು ಮಂದವೆಂದು ಹಳಿದೆವು.

ತಮ್ಮನ ಮಗನು ಕಾರಣವನ್ನು ತಿಳಿಸಿದನು: "ದೊಡ್ಡಪ್ಪ, ಇದು ಎಚ್.265 ಕ್ರಮ. ಇದರಲ್ಲಿ ಬಹುಪಾಲು ಚಿತ್ರಗಳು ಪೂರ್ಣವಲ್ಲ. ನೆರೆಯ ಚಿತ್ರಕ್ಕಿಂತ ಬೇರೆಯಾದ ಅಂಶ ಮಾತ್ರ ಇರುತ್ತದೆ. ನಡುವಿನದೊಂದನ್ನು ಕೇಳಿದರೆ ಯಂತ್ರವು ಹಿಂದಿನಿಂದ ಕಟ್ಟಿಕೊಂಡು ಬರಬೇಕು."

ಇದು ಪಾಣಿನಿಯ ಅನುವೃತ್ತಿಯೇ ಅಲ್ಲವೆ! ಹಿಂದಣ ಸೂತ್ರದ ಪದವನ್ನು ತಾರದೆ ಮುಂದಣದಕ್ಕೆ ಅರ್ಥ ಹೊಂದದು.

ಅವನು 3840×2160 ಬಿಂದುಗಳ ಮೂಲಕ್ಕೆ ಬದಲಾಗಿ, 1920×1080ರ, ಪ್ರತಿಚಿತ್ರವೂ ಪೂರ್ಣವಾಗಿರುವ ಪ್ರಾಕ್ಸಿ ಪ್ರತಿಗಳನ್ನು ಮಾಡಿಕೊಟ್ಟನು. ಬಿಂದುಗಳು ಕಾಲುಭಾಗಕ್ಕಿಳಿದವು. ಕತ್ತರಿಸುವುದೆಲ್ಲ ಪ್ರತಿನಿಧಿಯ ಮೇಲೆ; ಕೊನೆಯ ಪ್ರತಿ ಮಾತ್ರ ಮೂಲದಿಂದಲೇ. ತಾಯಿಯವರು ತಡೆಯಿಲ್ಲದೆ ಹಾಡಿದರು.

ನಡುಸೂತ್ರದ ಅರ್ಥವನ್ನು ಕೇಳಿದಾಗ ಮೊದಲಿನಿಂದ ಗುಣುಗುಣಿಸಿಕೊಂಡು ಬರುತ್ತಿದ್ದ ಶಿಷ್ಯನೊಬ್ಬನನ್ನು ನಾವು ಹಿಂದೆ ಮಂದಮತಿಯೆಂದು ಗದರಿದ್ದೆವು. ಅವನು ಮಂದನಾಗಿರಲಿಲ್ಲ, ಬಿಟ್ಟುದನ್ನು ತುಂಬಿಕೊಳ್ಳುತ್ತಿದ್ದನು. ಅದು ನಮಗೆ ತಿಳಿದುದು ಈಗ.